ಕಡವು ದಾಟಲು ಎಷ್ಟು ಹೊತ್ತು?

ಕಾದಂಬರಿಯೊಂದರ ದೃಶ್ಯ ಇಟ್ಟುಕೊಳ್ಳೋಣ. 1840ರ ಆಟಿ, ಅಂದರೆ ತುಳುನಾಡಿನ ಜುಲೈ–ಆಗಸ್ಟಿನ ಮಳೆ ತಿಂಗಳು. ಮಂಗಳೂರು ಬಂದರಿನ ಮಂಡಿಯೊಂದರಲ್ಲಿ ಸಾಹುಕಾರನ ಹೆಣ ಬಿದ್ದಿದೆ. ರಾತ್ರಿ ಎಂಟಕ್ಕೆ ಅದನ್ನು ಕಂಡ ಕಥಾನಾಯಕ ಕುದುರೆ ಏರಿ, ಸುರಿಯುವ ಮಳೆಯಲ್ಲೇ ಬಡಗು ದಿಕ್ಕಿಗೆ ಹೊರಡುತ್ತಾನೆ. ಕೋಳಿ ಕೂಗುವ ಹೊತ್ತಿಗೆ ಉಡುಪಿಯಲ್ಲಿ ನಾಯಕಿಯ ಮನೆಯ ಚಾವಡಿಯಲ್ಲಿ ನಿಂತಿದ್ದಾನೆ. ಅವಳು ಸೆರಗಿನಿಂದ ಅವನ ತಲೆ ಒರೆಸುತ್ತಾಳೆ. ಓದುವವರ ಮನಸ್ಸೂ ಒದ್ದೆ.

ಒರೆಸಲಿ, ಬೇಡ ಅನ್ನುವವರು ಯಾರು. ಆದರೆ ಪುಟ ಮಗುಚುವ ಮುಂಚೆ ಒಂದು ಲೆಕ್ಕ ಹಾಕಿ. ಮಂಗಳೂರಿನಿಂದ ಉಡುಪಿಗೆ 55–60 ಕಿ.ಮೀ. ಈಗ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಆಗ ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ. ನಾಲ್ಕಕ್ಕೂ ಸೇತುವೆ ಇಲ್ಲ, ಕಡವು ಮಾತ್ರ, ಅಂದರೆ ದೋಣಿಯಲ್ಲೇ ದಾಟಬೇಕು. ಮಳೆಗಾಲದ ಕೆಂಪು ನೀರು ದಡ ಮೀರಿ ಹರಿಯುತ್ತಿರುತ್ತದೆ. ಅಂಬಿಗ ಆಚೆ ದಡದಲ್ಲಿ ಮಲಗಿರುತ್ತಾನೆ. ಅವನಿಗೆ ಕೂಗು ಕೇಳಬೇಕು, ಕೇಳಿದರೂ ಎದ್ದು ಬರುವ ಮನಸ್ಸಾಗಬೇಕು. ಸಣ್ಣ ದೋಣಿಗೆ ಕುದುರೆ ಹತ್ತುವುದಿಲ್ಲ, ಎರಡು ದೋಣಿ ಜೋಡಿಸಿ ಹಲಗೆ ಹಾಸಬೇಕು. ಒಂದೊಂದು ಕಡವಿಗೆ ಒಂದು ಗಂಟೆ ಎಂದರೂ ಅದು ಧಾರಾಳದ ಲೆಕ್ಕ. ಉಳಿದ ದಾರಿಯಲ್ಲಿ, ಮುರಕಲ್ಲಿನ ಕತ್ತಲೆಯ ಓಣಿಯಲ್ಲಿ, ಕುದುರೆಯೂ ಮನುಷ್ಯನ ನಡಿಗೆಗಿಂತ ಬಹಳ ವೇಗವಾಗಿ ಹೋಗದು. ನಡಿಗೆ ಎಂದರೆ ಗಂಟೆಗೆ 4–5 ಕಿ.ಮೀ., ಒಟ್ಟು 11–15 ಗಂಟೆ, ಕಡವು ಸೇರಿದರೆ 15ಕ್ಕೆ ಕಡಿಮೆಯಿಲ್ಲ. ಸಮುದ್ರದ ದಾರಿ ಹಿಡಿದ ಎನ್ನೋಣವೆಂದರೆ ಆಟಿಯಲ್ಲಿ ಮಂಜಿಗಳೆಲ್ಲ, ಅಂದರೆ ಸರಕಿನ ಹಾಯಿದೋಣಿಗಳೆಲ್ಲ, ದಡ ಏರಿ ತೆಂಗಿನ ಮಡಲು ಹೊದ್ದುಕೊಂಡಿರುತ್ತವೆ.

ಅಂದರೆ ಅವನು ಬೆಳಗ್ಗೆ ಉಡುಪಿಯಲ್ಲಿರಲು ಸಾಧ್ಯವಿಲ್ಲ. ಇದಕ್ಕೆ ಎರಡೇ ಅರ್ಥ: ಬರೆದವರು ಲೆಕ್ಕ ಹಾಕಿಲ್ಲ, ಅಥವಾ ಅವನು ಸುಳ್ಳು ಹೇಳುತ್ತಿದ್ದಾನೆ. ಮೊದಲನೆಯದಾದರೆ ಪುಸ್ತಕ ಮುಚ್ಚಿಡಬಹುದು. ಎರಡನೆಯದಾದರೆ ನಿಮ್ಮ ಕೈಯಲ್ಲಿರುವುದು ಒಳ್ಳೆಯ ಪುಸ್ತಕ, ಯಾಕೆಂದರೆ ಆ ಸೆರಗಿನ ಸನ್ನಿವೇಶವೇ ಸುಳಿವು.

ಇತಿಹಾಸ, ಪ್ರೇಮ, ಪತ್ತೇದಾರಿ ಮೂರೂ ಬೆರೆತ ಕಾದಂಬರಿಯನ್ನು ಓದುವ ದಾರಿ ಇದು. ಪ್ರೇಮಿಗಳು ಒಂದಾಗದಂತೆ ತಡೆಯುವುದು ಯಾವುದೋ, ಅಪರಾಧ ಬಯಲಾಗದಂತೆ ಮರೆಮಾಡುವುದು ಯಾವುದೋ, ಎರಡೂ ಆ ಕಾಲದಿಂದಲೇ ಬರಬೇಕು. ಕಾನೂನು, ದಾರಿ, ಕಟ್ಟಳೆ, ಕಾಗದ, ದೀಪದ ಎಣ್ಣೆ, ಯಾವುದೂ ಆದೀತು. ಪರೀಕ್ಷೆ ಸುಲಭ. ಕಥೆಯನ್ನು ಇವತ್ತಿನ ಮಂಗಳೂರಿನ ಹಂಪನಕಟ್ಟೆಗೆ ತಂದು ನಿಲ್ಲಿಸಿ, ನಾಯಕನ ಕೈಗೆ ಮೊಬೈಲು ಕೊಡಿ. ಆಮೇಲೂ ಪ್ರೇಮಕ್ಕೆ ಅದೇ ಅಡ್ಡಿ, ಕೊಲೆಗೆ ಅದೇ ಮರೆ ಉಳಿದರೆ ಹಳೆಯ ಕಾಲ ಬರೀ ವೇಷ. ಕಿರೀಟ ಕಟ್ಟಿದವರೆಲ್ಲ ಅರ್ಥ ಹೇಳಲಾರರು ಎಂಬುದು ಯಕ್ಷಗಾನದ ಆಟ ನೋಡುವವರಿಗೆ ಗೊತ್ತಿದ್ದದ್ದೇ.

ಈ ಬಗೆಯ ಪುಸ್ತಕ ನಮ್ಮ ಕಪಾಟುಗಳಿಗೆ ಹೆಚ್ಚಾಗಿ ಬರುವುದು ಇಂಗ್ಲಿಷಿನಲ್ಲಿ. ಅದರಲ್ಲೂ ರೀಜೆನ್ಸಿ ಕಾಲದ್ದು, ಅಂದರೆ 1811ರಿಂದ 1820ರವರೆಗೆ, ಮೂರನೇ ಜಾರ್ಜ್ ದೊರೆಯ ಬುದ್ಧಿ ಕೆಟ್ಟು ಮಗ ರಾಜ್ಯಭಾರ ನೋಡಿಕೊಂಡ ಕಾಲ. ಅಲ್ಲಿ ಮತ್ತೆ ಮತ್ತೆ ಬರುವ ಗುಟ್ಟು ಗುಪ್ತ ಮದುವೆ. ಇಗರ್ಜಿಯ, ಅಂದರೆ ಚರ್ಚಿನ, ಮದುವೆ ಪುಸ್ತಕದ ಹಾಳೆ ಹರಿದಿರುತ್ತದೆ, ನಾಯಕನೋ ನಾಯಕಿಯೋ ಸಕ್ರಮ ಸಂತಾನ ಹೌದೋ ಅಲ್ಲವೋ ತಿಳಿಯದು, ಜಹಗೀರು ಯಾರಿಗೆಂದು ತಿಳಿಯದು. ಇದನ್ನು ಓದುವವರು ಕಾನೂನು ಸ್ವಲ್ಪ ತಿಳಿದಿದ್ದರೆ ಕಥೆಗಿಂತ ಎರಡು ಹೆಜ್ಜೆ ಮುಂದಿರಬಹುದು. 1753ರ ಮದುವೆ ಕಾಯ್ದೆ 1754ರಿಂದ ಜಾರಿಗೆ ಬಂತು. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಮದುವೆ ಊರ್ಜಿತವಾಗಲು ಮೂರು ಭಾನುವಾರ ಇಗರ್ಜಿಯಲ್ಲಿ ಕೂಗಿ ಹೇಳಬೇಕಿತ್ತು, ಇಲ್ಲವೇ ಲೈಸೆನ್ಸ್ ಪಡೆಯಬೇಕಿತ್ತು. ಪುಸ್ತಕದಲ್ಲಿ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬೇಕಿತ್ತು. 21 ತುಂಬದವರು ಲೈಸೆನ್ಸ್ ಮೂಲಕ ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಇಲ್ಲ, ಸಾಕ್ಷಿಗಳ ಮುಂದೆ ಗಂಡು ಹೆಣ್ಣು ಒಪ್ಪಿದರೆ ಮದುವೆ. ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಪ್ರೇಮಿಗಳು ಓಡಿಹೋಗುತ್ತಿದ್ದದ್ದು ಅದಕ್ಕೇ. ಪ್ರೇಮಕ್ಕೆ ದಾರಿ ತೆರೆದ ಆ ಸಡಿಲ ಪದ್ಧತಿಯೇ ಮುಂದೆ ಮದುವೆ ಆಗಿದ್ದಕ್ಕೆ ಪುರಾವೆ ಎಲ್ಲಿ ಎಂಬ ಪ್ರಶ್ನೆಯನ್ನೂ ಹುಟ್ಟಿಸುತ್ತದೆ. ಒಂದೇ ಕೀಲಿ, ಎರಡು ಬಾಗಿಲು.

ಹರಿದ ಹಾಳೆಯ ವಿಷಯಕ್ಕೆ ಬಂದರೆ, ಇಲ್ಲಿ ಬಹಳ ಕಾದಂಬರಿಕಾರರು ಎಡವುತ್ತಾರೆ. ಇಗರ್ಜಿಗಳು ಪ್ರತಿ ವರ್ಷ ತಮ್ಮ ದಾಖಲೆಯ ನಕಲನ್ನು ಬಿಷಪ್ಪರ ಕಚೇರಿಗೆ ಕಳಿಸುವ ಕ್ರಮ 1598ರಷ್ಟು ಹಳೆಯದು. ಮೂಲ ಹಾಳೆ ಹರಿದವನು ಆ ನಕಲನ್ನೂ ಮಾಯ ಮಾಡಬೇಕು, ಇಲ್ಲವೇ ಆ ವರ್ಷ ನಕಲು ಹೋಗಿಯೇ ಇಲ್ಲ ಎಂಬುದು ಅವನಿಗೆ ತಿಳಿದಿರಬೇಕು. 1837ರ ಜುಲೈಯಿಂದ ಸರ್ಕಾರಿ ನೋಂದಣಿ ಬಂದ ಮೇಲಂತೂ ಹಾಳೆ ಹರಿಯುವುದು ಶುದ್ಧ ದಂಡ. ಕಥೆ 1845ರಲ್ಲಿ ನಡೆದು ಹೊಸ ಮದುವೆಯೊಂದರ ರಹಸ್ಯ ಒಂದೇ ಹಾಳೆಯ ಮೇಲೆ ನಿಂತಿದ್ದರೆ, ಪತ್ತೇದಾರನಿಗಿಂತ ಗುಮಾಸ್ತನೇ ಬೇಗ ಬಿಡಿಸಿಬಿಡುತ್ತಾನೆ.

ಕಾಗದಗಳನ್ನೂ ಹೀಗೇ ನೋಡಬೇಕು. ಇಂಗ್ಲೆಂಡಿನಲ್ಲಿ 1840ರಲ್ಲಿ ಪೆನ್ನಿ ಅಂಚೆ ಬರುವವರೆಗೆ ಸಾಮಾನ್ಯವಾಗಿ ಅಂಚೆ ಹಣ ಕೊಡುತ್ತಿದ್ದದ್ದು ಕಾಗದ ಪಡೆದವರು. ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ. ಲಕೋಟೆಯೂ ಒಂದು ಹಾಳೆ ಎಂದೇ ಎಣಿಕೆ. ಅದಕ್ಕೇ ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತುತ್ತಿದ್ದರು, ಬರೆದ ಸಾಲುಗಳ ಮೇಲೆಯೇ ಅಡ್ಡಡ್ಡ ಮತ್ತೆ ಬರೆಯುತ್ತಿದ್ದರು. ಬಡ ನಾಯಕಿ ದುಡ್ಡಿಲ್ಲದೆ ಪ್ರೇಮಪತ್ರವನ್ನು ವಾಪಸು ಕಳಿಸಿದಳು, ಅವನು ತಿರಸ್ಕಾರವೆಂದು ತಿಳಿದ. ಇದು ಆ ಕಾಲಕ್ಕೆ ಮಾತ್ರ ಸಲ್ಲುವ ತಪ್ಪುತಿಳಿವಳಿಕೆ, ಹಾಗಾಗಿ ಒಪ್ಪಬಹುದು. ಒಂದು ಮಾತು ಆಡಿದ್ದರೆ ಬಗೆಹರಿಯುತ್ತಿದ್ದ ಮುನಿಸನ್ನು ಮುನ್ನೂರು ಪುಟ ಎಳೆಯುವ ಪುಸ್ತಕ ಬೇರೆ ಜಾತಿ. ಅದನ್ನು ಯಾರಿಗಾದರೂ ದಾನ ಕೊಟ್ಟುಬಿಡಿ. 1815ರ ನಾಯಕ ಬೆಂಕಿಕಡ್ಡಿ ಗೀರಿದರೆ ಅಲ್ಲಿಗೆ ಗುರುತು ಹಾಕಿಕೊಳ್ಳಿ, ಗೀರುವ ಕಡ್ಡಿ ಮಾರಾಟಕ್ಕೆ ಬಂದದ್ದು 1827ರಲ್ಲಿ. ಲಂಡನ್ನಿನ ಮಹಾನಗರ ಪೊಲೀಸು 1829ರದ್ದು, ಅದರ ಪತ್ತೇದಾರಿ ವಿಭಾಗ 1842ರದ್ದು. ಶವದಲ್ಲಿ ಪಾಷಾಣ ಹುಡುಕುವ ನಂಬಲರ್ಹ ಪರೀಕ್ಷೆ 1836ರದ್ದು, ಅದಕ್ಕೆ ಮೊದಲಿನ ಕಥೆಯಲ್ಲಿ ವೈದ್ಯ ‘ಪಾಷಾಣವೇ’ ಎಂದು ಖಡಾಖಂಡಿತ ಹೇಳಿದರೆ ವೈದ್ಯನ ಮೇಲೇ ಸಂಶಯ ಪಡಿ.

ಇಷ್ಟನ್ನೂ ನಮ್ಮ ಊರಿಗೆ ತಂದರೆ ಇನ್ನೂ ಸ್ವಾರಸ್ಯ. ಇಂಗ್ಲಿಷ್ ಕಥೆಯ ಬೇರು ಒಂದೇ: ಅಪ್ಪನ ಜಮೀನು ಹಿರಿಮಗನಿಗೆ. ಆದ್ದರಿಂದ ಅಪ್ಪ ಯಾರು ಎಂಬುದೇ ಅಲ್ಲಿನ ದೊಡ್ಡ ರಹಸ್ಯ. ಅದೇ ಹಂದರವನ್ನು ಎತ್ತಿ ತುಳುನಾಡಿನ ಗುತ್ತಿನ ಮನೆಯೊಳಗೆ ಇಟ್ಟರೆ ಕಥೆ ನಿಲ್ಲುವುದಿಲ್ಲ ಮಾರಾಯರೇ. ಅಳಿಯಕಟ್ಟಿನಲ್ಲಿ ವಂಶ ತಾಯಿಯ ಕಡೆಯಿಂದ. ಆಸ್ತಿ ಕುಟುಂಬದ್ದು, ಯಜಮಾನನದ್ದು ಆಡಳಿತ ಮಾತ್ರ. ಅವನು ಸತ್ತರೆ ಪಟ್ಟಕ್ಕೆ ಬರುವುದು ಕುಟುಂಬದ ಮುಂದಿನ ಹಿರಿಯ. ತಮ್ಮನೋ, ಅಕ್ಕನ ಮಗನೋ. ಮಗನಿಗೆ ಅಪ್ಪನ ಮನೆಯಲ್ಲಿ ಊಟ ಉಂಟು, ಪಾಲಿಲ್ಲ. ಅವನ ಪಾಲು ಅವನ ತಾಯಿಯ ಮನೆಯಲ್ಲಿ. ಹಾಗಿರುವಾಗ ಆಸ್ತಿಗಾಗಿ ಮಗ ಅಪ್ಪನನ್ನು ಕೊಂದ ಎಂದು ಬರೆದವರು ಲಂಡನ್ನಿನ ಕಥೆಗೆ ಪಂಚೆ ಉಡಿಸಿದ್ದಾರೆ, ಅಷ್ಟೇ.

ಹಾಗಂತ ಅಳಿಯಕಟ್ಟಿನಲ್ಲಿ ಕೊಲೆಗೆ ಕಾರಣ ಸಿಗುವುದಿಲ್ಲ ಎಂದಲ್ಲ, ಬೇಕಾದಷ್ಟು ಸಿಗುತ್ತದೆ. ಕುಟುಂಬದ ಅಗತ್ಯವಿಲ್ಲದೆ ಯಜಮಾನ ಜಮೀನು ಪರಭಾರೆ ಮಾಡುವಂತಿಲ್ಲ. ಮಾಡಿದ್ದರೆ ಲೆಕ್ಕದ ಕಡತ ಅವನ ಶತ್ರು. ತಾನು ಸ್ವಂತ ದುಡಿದದ್ದನ್ನು ಹೆಂಡತಿ ಮಕ್ಕಳಿಗೆ ಬರೆದುಕೊಡಲು ಹೊರಟರೆ ಅಳಿಯಂದಿರು ಹಲ್ಲು ಕಡಿಯುತ್ತಾರೆ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಸೋದರ ಮಾವನ ಮಗಳನ್ನು ಅಳಿಯನಿಗೆ ಕೊಡುವುದು, ಮಾವನ ಮಗಳು ಅದೇ ಮನೆಯಲ್ಲಿ ಉಳಿಯುತ್ತಾಳೆ. ಈಗ ಗಂಟು ನೋಡಿ. ಯಜಮಾನ ಸತ್ತಿದ್ದಾನೆ. ಅವನ ಮಗಳು ಬೇರೊಬ್ಬನನ್ನು ಪ್ರೀತಿಸಿದ್ದಾಳೆ. ಮುಂದಿನ ಯಜಮಾನನೂ, ಅವಳಿಗೆ ಕಟ್ಟಳೆಯ ಪ್ರಕಾರ ಗೊತ್ತಾದ ವರನೂ, ಮೊದಲ ಸಂಶಯಿತನೂ ಒಬ್ಬನೇ: ಆ ಅಳಿಯ. ಅವನು ಕೊಲೆಗಾರನೆಂದರೆ ಅವಳಿಗೆ ಮದುವೆಯಿಂದ ಬಿಡುಗಡೆ. ಹಾಗಾಗಿ ಅವಳ ಸಾಕ್ಷ್ಯವನ್ನು ಊರು ನಂಬುವುದಿಲ್ಲ. ನಾವೂ ನಂಬಬೇಕೋ ಬೇಡವೋ ಎಂಬುದು ಪುಸ್ತಕದುದ್ದಕ್ಕೂ ತೂಗುತ್ತಿರಬೇಕು. ಇಂಥ ಕಥೆಗೆ ಇಸವಿಯೂ ಮುಖ್ಯ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು. 1930ರಲ್ಲಿ ಜೀವ ತೆಗೆಯುವಷ್ಟು ಬಿಗಿಯಾಗಿದ್ದ ಗಂಟು 1955ರ ಹೊತ್ತಿಗೆ ವಕೀಲರ ಕಚೇರಿಯಲ್ಲಿ ಸಡಿಲವಾಗುತ್ತದೆ. ಗೇಣಿಯ ವಿಷಯವೂ ಹಾಗೇ. ಮೂಲಗೇಣಿ ಕಾಯಂ ಹಕ್ಕು, ಚಾಲಗೇಣಿ ಅಲ್ಲ. ಧಣಿ ರಾತ್ರೋರಾತ್ರಿ ಮೂಲಗೇಣಿಯವರನ್ನು ಒಕ್ಕಲೆಬ್ಬಿಸುವ ದೃಶ್ಯ ಬಂದರೆ ಬರೆದವರಿಗೆ ಎರಡರ ವ್ಯತ್ಯಾಸ ತಿಳಿದಿಲ್ಲ.

ಆಟಿಯನ್ನು ಈ ಜಾತಿಯ ಕಾದಂಬರಿಕಾರರು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ದೂರು. ಆಟಿಯಲ್ಲಿ ಮದುವೆ ಇಲ್ಲ. ಹೊಸ ಮದುಮಗಳು ತವರಿಗೆ ಹೋಗಿರುತ್ತಾಳೆ, ಅಂದರೆ ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿ, ನಡುವೆ ತುಂಬಿದ ಹೊಳೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಒಬ್ಬರು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ, ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರುತ್ತಾರೆ. ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಆ ಕಷಾಯ ಕುಡಿಯುತ್ತಾರೆ. ಕತ್ತಲೆಯಲ್ಲಿ ಮರ ತಪ್ಪಿದರೆ? ನಮ್ಮ ಕಾಡಿನಲ್ಲಿ ಕಾಸರಕದ ಮರವೂ ಇದೆ, ಅದು ವಿಷ, ಅದರದ್ದೂ ಕಹಿಯೇ. ಕಹಿ ಎಂದು ಗೊತ್ತಿದ್ದೇ ಕುಡಿಯುವ ಮದ್ದಿನಲ್ಲಿ ಇನ್ನೊಂದು ಕಹಿಯನ್ನು ಯಾರು ಗುರುತಿಸುತ್ತಾರೆ? ಮರ ತಪ್ಪಿತೋ ತಪ್ಪಿಸಿದರೋ, ಹಿಂದಿನ ದಿನ ಮರಕ್ಕೆ ಗುರುತು ಮಾಡಿ ಬಂದವರು ಯಾರು, ಆ ಗುರುತನ್ನು ಇರುಳಲ್ಲಿ ಬದಲಿಸಿದವರು ಯಾರು? ಇಷ್ಟು ಒಳ್ಳೆಯ ಮರೆ ಯಾವ ಇಂಗ್ಲಿಷ್ ಚಹಾಕೂಟದಲ್ಲೂ ಸಿಗುವುದಿಲ್ಲ.

ಕ್ಯಾಲೆಂಡರಿನ ತಪ್ಪುಗಳು ಸುಲಭವಾಗಿ ಕೈಗೆ ಸಿಗುತ್ತವೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24–25ರ ಸುಮಾರಿಗೆ, ಪತ್ತನಾಜೆ. ಆಮೇಲೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ ನೇಮಗಳೂ ನಿಲ್ಲುತ್ತವೆ. ಜುಲೈಯಲ್ಲಿ ಕೋಲದ ರಾತ್ರಿ ಕೊಲೆ ಮಾಡಿಸಿದ ಲೇಖಕರು ಊರಿನವರನ್ನು ಕೇಳಿಲ್ಲ. ಉಡುಪಿಯ ಎರಡು ವರ್ಷದ ಪರ್ಯಾಯ ಸಮಸಂಖ್ಯೆಯ ಇಸವಿಯ ಜನವರಿಯಲ್ಲಿ ಬರುತ್ತದೆ. 1851ರ ಪರ್ಯಾಯದ ಗದ್ದಲದಲ್ಲಿ ನಾಯಕಿ ಕಣ್ಮರೆಯಾದಳು ಎಂದರೆ ಒಂದು ವರ್ಷ ತಪ್ಪಿದೆ. ಅಮಾವಾಸ್ಯೆಯ ರಾತ್ರಿ ಬೆಳದಿಂಗಳು ಸುರಿಸುವವರೂ ಇದ್ದಾರೆ. ಅಳಿವೆಯಲ್ಲಿ ಹೆಣ ತೇಲುವ ಕಥೆಯಾದರೆ ಭರತ–ಇಳಿತ ನೋಡಿ: ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಸೋಮವಾರ ಏಳಕ್ಕೆ ಬಂದ ಭರತ ಗುರುವಾರವೂ ಏಳಕ್ಕೇ ಬರುವುದಿಲ್ಲ.

ವಸ್ತುಗಳ ಪೈಕಿ ಒಂದನ್ನು ಹೇಳದೆ ಬಿಡಲಾಗದು, ಹಂಚು. ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. 1850ರ ಕಳ್ಳ ಮಂಗಳೂರು ಹಂಚು ಸರಿಸಿ ಒಳಗಿಳಿಯಲಾರ. ಅವನಿಗೆ ಸಿಗುವುದು ಮುಳಿಹುಲ್ಲಿನ ಮಾಡು. ಇನ್ನೊಂದು ಸೂಕ್ಷ್ಮ: ಆ ಹಂಚುಗಳ ಮೇಲೆ ‘1865’ ಎಂದು ಅಚ್ಚಿರುವುದುಂಟು. ಅದು ಕಾರ್ಖಾನೆ ಹುಟ್ಟಿದ ಇಸವಿ, ಹಂಚು ಸುಟ್ಟ ಇಸವಿ ಅಲ್ಲ. ಅದನ್ನು ನೋಡಿ ಮನೆಯ ವಯಸ್ಸು ಹೇಳುವ ಪತ್ತೇದಾರ ಮೋಸ ಹೋದ. ಜಾಣ ಲೇಖಕರು ಬೇಕೆಂದೇ ಅವನನ್ನು ಹಾಗೆ ಬೀಳಿಸಬಹುದು. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ, ಅಲ್ಲಿ ಮೊಳೆ ಜೋಡಿಸುವವನನ್ನು ಕೂರಿಸಬೇಡಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬೆರಳಚ್ಚಿನ ಕಚೇರಿ ಕಲ್ಕತ್ತದಲ್ಲಿ ತೆರೆದದ್ದು 1897ರಲ್ಲಿ, ಲಂಡನ್ನಿಗೂ ಮೊದಲು.

ಇನ್ನು ಓದುವ ಕೈಚಳಕ. ಲೇಖಕರು ಸುಳಿವನ್ನು ಎಲ್ಲಿ ಬಚ್ಚಿಡುತ್ತಾರೆ? ಪ್ರೇಮದ ಸನ್ನಿವೇಶದಲ್ಲಿ. ಪತ್ತೇದಾರಿ ಅಧ್ಯಾಯದಲ್ಲಿ ನಾವು ಕಣ್ಣು ಅಗಲಿಸಿ ಓದುತ್ತೇವೆ, ಮುತ್ತಿಡುವ ಅಧ್ಯಾಯದಲ್ಲಿ ಕಣ್ಣು ಬೇರೆಲ್ಲೋ ಇರುತ್ತದೆ. ಅವನ ಅಂಗಿಯ ತೋಳಿಗೆ ಮುಖ ಒತ್ತಿದಾಗ ಅವಳಿಗೆ ಮಳೆ, ಕುದುರೆ, ಹೊನ್ನೆಎಣ್ಣೆಯ ವಾಸನೆ ಬಂತು ಎಂದಿರುತ್ತದೆ. ಮೂರರಲ್ಲಿ ನಡುವಿನದ್ದೋ ಕೊನೆಯದ್ದೋ ಬೇಕಾದದ್ದು. ಹೊನ್ನೆಎಣ್ಣೆ ದೀಪಕ್ಕೂ ಬಳಕೆ, ದೋಣಿಗೆ ಬಳಿಯಲೂ ಬಳಕೆ. ತೆಂಗಿನೆಣ್ಣೆಯ ದೀಪ ಉರಿಯುವ ಮನೆಯವನಿಗೆ ಆ ವಾಸನೆ ಎಲ್ಲಿಂದ? ಎರಡನೇ ಸಲ ಓದುವಾಗ ಪ್ರೇಮದ ಅಧ್ಯಾಯಗಳನ್ನಷ್ಟೇ ಓದಿದರೆ ಸಾಕು, ಕೊಲೆಯ ಅರ್ಧ ಅಲ್ಲೇ ಇರುತ್ತದೆ.

ಎರಡನೆಯದು ಮನಸ್ಸಿನ ಬಾಗಿಲು. ಇಂಥ ಪುಸ್ತಕ ಸಾಮಾನ್ಯವಾಗಿ ಒಂದು ಅಧ್ಯಾಯ ಅವಳ ಮನಸ್ಸಿನಿಂದ, ಒಂದು ಅವನ ಮನಸ್ಸಿನಿಂದ ನಡೆಯುತ್ತದೆ. ಅವನ ಮನಸ್ಸೊಳಗೆ ನಮ್ಮನ್ನು ಕೂರಿಸಿಯೂ ಅವನ ಗುಟ್ಟನ್ನು ಮುಚ್ಚಿಡುವುದು ಕಷ್ಟದ ಕೆಲಸ. ಹೆಣದ ಎದುರು ನಿಂತವನು ಆ ಗುಟ್ಟನ್ನು ನೆನೆಯದಿರಲು ಸಾಧ್ಯವೇ ಇಲ್ಲದ ಕ್ಷಣದಲ್ಲೂ ಅವಳ ಜಡೆಯನ್ನೇ ನೆನೆಯುತ್ತಿದ್ದರೆ ಅದು ಮೋಸ. ಗುಟ್ಟು ಬಯಲಾದ ಮೇಲೆ ಅವನ ಮೊದಲ ಅಧ್ಯಾಯಕ್ಕೆ ಹಿಂದಿರುಗಿ. ನೆನೆದಿದ್ದಾನೆ, ನಾವೇ ಬೇರೆ ಅರ್ಥ ಮಾಡಿಕೊಂಡಿದ್ದೆವು ಎಂದಾದರೆ ಲೇಖಕರಿಗೆ ಕೈ ಮುಗಿಯಬೇಕು.

ಬರೆದವರೇ ತಮ್ಮನ್ನು ಮುಚ್ಚಿಟ್ಟುಕೊಂಡದ್ದೂ ನಮ್ಮಲ್ಲಿ ಉಂಟು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ತಾವೇ ಬರೆದದ್ದನ್ನು ಹಳೆಯ ಕವಿಯ ಕೃತಿಯೆಂದು ಮೈಸೂರಿನ ಕಡೆಗೆ ಕಳಿಸಿದರು. ಆ ಕೃತಿಯಲ್ಲಿ ಮಳೆಗಾಲದಲ್ಲಿ ಕಥೆ ಕೇಳುವ ಹೆಂಡತಿ ಮನೋರಮೆ, ಹೇಳುವ ಗಂಡ ಮುದ್ದಣ. ಗಂಡ ಹೆಂಡಿರ ಆ ಸರಸವನ್ನು ಓದಿದವರಿಗೆ ಕವಿ ಯಾರೆಂದು ಖಚಿತವಾದದ್ದು ಅವರು ತೀರಿಕೊಂಡ ಎಷ್ಟೋ ಕಾಲದ ಮೇಲೆ. ಪ್ರೇಮವೂ ರಹಸ್ಯವೂ ಹಳೆಯ ಕಾಲದ ವೇಷವೂ ಒಟ್ಟಿಗಿದ್ದ ಪ್ರಕರಣ ಅದು.

ಸಂಶಯಿತರನ್ನು ಕಡಿಮೆ ಮಾಡಲು ಪ್ರಕಾರವೇ ಸಹಾಯ ಮಾಡುತ್ತದೆ. ಪ್ರೇಮಕಥೆ ಎಂದ ಮೇಲೆ ಕೊನೆಗೆ ಜೋಡಿ ಒಂದಾಗಲೇಬೇಕು, ಹಾಗಾಗಿ ನಾಯಕ ನಾಯಕಿ ಪಟ್ಟಿಯಿಂದ ಹೊರಗೆ. ಪುಸ್ತಕ ಒಂದು ಮಾಲಿಕೆಯದ್ದಾದರೆ, ಅಗತ್ಯವಿಲ್ಲದೆ ಕಣ್ಣಿನ ಬಣ್ಣ, ಗಾಯದ ಕಲೆ, ಹಳೆಯ ದುಃಖ ಎಲ್ಲವನ್ನೂ ಪಡೆದ ಗೆಳೆಯ ಮುಂದಿನ ಸಂಪುಟದ ನಾಯಕ, ಅವನನ್ನೂ ಬಿಡಿ. ಉಳಿದವರಲ್ಲಿ ಸತ್ತವನ ಬಗ್ಗೆ ನಮಗೆ ಹೆಚ್ಚು ಸುದ್ದಿ ಕೊಟ್ಟವರು ಯಾರು ಎಂದು ಕೇಳಿ. ಕೇಳದೆಯೇ ವಿವರ ಕೊಡುವ ದಯಾಳು ಹಿರಿಯರ ಮೇಲೆ ನನ್ನ ಕಣ್ಣು ಯಾವಾಗಲೂ.

ಇದಕ್ಕೆಲ್ಲ ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಗಡೆ ದಿನ, ಹೊತ್ತು, ಪುಟದ ಸಂಖ್ಯೆ. ಬಲಗಡೆ ಯಾರು ಎಲ್ಲಿ, ಯಾರ ಮಾತಿನಿಂದ ತಿಳಿದದ್ದು. ಎಲ್ಲವನ್ನೂ ಬರೆಯಲು ಹೊರಟರೆ ಮೂರನೇ ಅಧ್ಯಾಯಕ್ಕೆ ಬೇಸರ ಬಂದು ಬಿಡುತ್ತೀರಿ. ಯಾರೋ ಕಾಗದ ಓದಿದಾಗ, ಯಾರೋ ಕೋಣೆಯಿಂದ ಎದ್ದು ಹೋದಾಗ, ವಸ್ತುವೊಂದು ಕೈ ಬದಲಾದಾಗ, ಯಾರಾದರೂ ಹೊತ್ತು ಹೇಳಿದಾಗ ಮಾತ್ರ ಬರೆಯಿರಿ. 320 ಪುಟದ ಪುಸ್ತಕವಾದರೆ 240ಕ್ಕೆ ನಿಲ್ಲಿಸಿ, ಕೊಲೆಗಾರರ ಹೆಸರನ್ನು ಹಾಳೆಯ ಹಿಂದೆ ಬರೆದಿಡಿ. ಅಷ್ಟರೊಳಗೆ ಬೇಕಾದ ಸುಳಿವೆಲ್ಲ ಬಂದಿರದಿದ್ದರೆ, ಕೊನೆಗೆ ಖಳ ತಾನಾಗಿಯೇ ದೀರ್ಘ ಭಾಷಣ ಮಾಡಿ ಒಪ್ಪಿಕೊಳ್ಳುವ ಪುಸ್ತಕ ಅದು.

ಕುದುರೆಯವನ ಕಥೆ ಅರ್ಧಕ್ಕೆ ಬಿಟ್ಟಿದ್ದೆವು. ಅವನು ಆ ರಾತ್ರಿ ನಿಜವಾಗಿ ಮಂಗಳೂರಿನಿಂದ ಹೊರಟಿದ್ದರೆ ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ, ನಾಲ್ಕೂ ಕಡೆ ಒಬ್ಬೊಬ್ಬ ಅಂಬಿಗನನ್ನು ಎಬ್ಬಿಸಿರಬೇಕು. ಆಟಿಯ ಮಳೆಯಲ್ಲಿ, ನಡುರಾತ್ರಿ, ಕುದುರೆ ಸಮೇತ ದಾಟಿಸಿದವನನ್ನು ಯಾವ ಅಂಬಿಗ ಮರೆಯುತ್ತಾನೆ? ಪುಸ್ತಕದಲ್ಲಿ ಪಟೇಲರು ಬರುತ್ತಾರೆ, ತಹಶೀಲ್ದಾರರು ಬರುತ್ತಾರೆ, ಕಂಪನಿಯ ಸಾಹೇಬ ಬರುತ್ತಾನೆ. ಅಂಬಿಗರನ್ನು ಕರೆಸಿ ಕೇಳುವವರು ಎಷ್ಟನೇ ಪುಟದಲ್ಲಿ ಬರುತ್ತಾರೆ ಎಂದು ಹಾಳೆಯ ಎಡಗಡೆ ಒಂದು ಸಾಲು ಖಾಲಿ ಬಿಟ್ಟಿರಿ.